ಗಾಲಿ ಮ್ಯಾಲಿನ ಮನಿ ಎಲ್ಲಿ ಮಲಗ್ತದ?

ಭಾಗ 1/8: ಒಂದು ಪ್ರಶ್ನೆ

ಈ ಸಲ ಎಂಟು ಭಾಗ ಅದ. ಒಮ್ಮೆಲೇ ಓದಾಕ ಆಗಲಿಲ್ಲಂದ್ರ ಸೇವ್ ಮಾಡಿಟ್ಕೊಳ್ರಿ, ಸೇಡಂ ಬಸ್‌ನ್ಯಾಗ ಕೂತಾಗ ಓದ್ರಿ.

ಅಮೆರಿಕ, ಕೆನಡಾ ಕಡೆ ಟ್ರಕ್ ಕ್ಯಾಂಪರ್ ಅಂತ ಒಂದು ವಸ್ತು ಅದ. ಪಿಕಪ್ ಗಾಡಿಯ ಹಿಂದಿನ ತೊಟ್ಟಿಯಲ್ಲಿ ಕೂಡಿಸುವ ಸಣ್ಣ ಮನಿ ಅದು. ಒಳಗ ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲಾ ಇರ್ತಾವ. ತಿರುಗಾಟ ಮುಗಿದ ಮ್ಯಾಲ ಗಾಡಿ ದಿನದ ಕೆಲಸಕ್ಕ ಬೇಕು, ಮನಿ ಬೇಕಾಗಿಲ್ಲ. ಆಗ ಏನ್ ಮಾಡ್ತಾರ? ಮನಿಯ ನಾಲ್ಕು ಮೂಲೆಗೆ ಜ್ಯಾಕ್ ಕೊಟ್ಟು ಎತ್ತುತ್ತಾರ. ಗಾಡಿ ಮುಂದಕ್ಕ ಹೋಗ್ತದ. ಜ್ಯಾಕಿನ ಮ್ಯಾಲ ಎತ್ತರದಾಗ ನಿಂತ ಮನಿ ಅಲುಗಾಡ್ತದ, ಶೆಡ್ಡಿನ ಬಾಗಿಲಿಗೂ ಹಿಡಿಸೋದಿಲ್ಲ. ಅದಕ್ಕ ಕೆಳಗ ಗಿಡ್ಡನೆಯ ಒಂದು ಚೌಕಟ್ಟು ತಳ್ಳತಾರ, ಅದಕ್ಕ ಸಣ್ಣ ಸಣ್ಣ ಗಾಲಿ. ಅದರ ಮ್ಯಾಲ ಮನಿ ಇಳಿಸಿ ಒಳಗ ಉರುಳಿಸಿ ಇಡ್ತಾರ. ಆ ಚೌಕಟ್ಟಿಗೆ ಡಾಲಿ ಅಂತಾರ. ನಾವು ಇಲ್ಲಿ ಗಾಲಿ ಹಲಗಿ ಅನ್ನೋಣ.

"ಇದಕ್ಕೂ ನಮ್ಮ ಸೇಡಂ, ಚಿತ್ತಾಪುರಕ್ಕೂ ಏನ್ ಸಂಬಂಧ?" ಅಂತ ಕೇಳ್ತೀರಿ ಅಂತ ಗೊತ್ತದ. ಸಂಬಂಧ ಅದ. ಗಾಲಿ ಮ್ಯಾಲ ಮನಿ ಕಟ್ಟೋದು, ಅದನ್ನ ಒಳಗ ಇಡೋದು, ಈ ಎರಡೂ ಕೆಲಸ ನಮ್ಮ ಭಾಗಕ್ಕ ಹಳೇವು. ಓಡಿದ್ದರ ಚರಿತ್ರೆಯನ್ನ ಎಲ್ಲರೂ ಬರೀತಾರ. ನಾನು ಬರೆಯೋದು ನಿಂತದ್ದರ ಚರಿತ್ರೆ.

ಭಾಗ 2/8: ದೇವರ ಮನಿಗೆ ಒಂದು ಮನಿ

ನಿಮ್ಮ ಊರ ತೇರು ನೆನಪು ಮಾಡ್ಕೊಳ್ರಿ. ತೇರು ಅಂದ್ರ ವರ್ಷಕ್ಕ ಒಂದು ದಿನ ಹೊರಗ ಬರುವ, ಗಾಲಿ ಇರುವ ದೇವರ ಮನಿ. ಕಲಬುರಗಿ ಶರಣಬಸವೇಶ್ವರರ (1746–1822) ತೇರು ಹೋಳಿ ಹುಣ್ಣಿಮೆ ಆಗಿ ಐದನೇ ದಿನಕ್ಕ ಎಳೀತಾರ. ಉತ್ತತ್ತಿ, ಬಾಳೆಹಣ್ಣು ಎಸೆಯೋ ಜನರ ನಡುವೆ ನೀವೂ ನಿಂತಿರಬಹುದು. ಆದ್ರ ಮರುದಿನದಿಂದ ತೇರು ಎಲ್ಲಿರ್ತದ, ಹ್ಯಾಂಗ ಇರ್ತದ ಅಂತ ಯಾರಾದ್ರೂ ನೋಡಾಕ ಹೋಗೀರೇನು?

ತೇರಿನ ಲೆಕ್ಕ ಹಿಂಗದ: ಓಡೋದು 1 ದಿನ, ನಿಲ್ಲೋದು 364 ದಿನ. ಈ 364 ದಿನದ ಪ್ರಶ್ನೆಗೆ ನಮ್ಮ ದೇಶದಾಗ ಮೂರು ಬೇರೆ ಬೇರೆ ಉತ್ತರ ಸಿಗ್ತಾವ.

ಮೊದಲನೇ ಉತ್ತರ ಪುರಿಯದು. ಅಲ್ಲಿ ಪ್ರತಿ ವರ್ಷ ಮೂರು ಹೊಸ ರಥ ಕಟ್ಟತಾರ. ಜಗನ್ನಾಥನಿಗೆ 16 ಗಾಲಿ, ಬಲಭದ್ರನಿಗೆ 14, ಸುಭದ್ರೆಗೆ 12. ಯಾತ್ರೆ ಮುಗಿದ ಮ್ಯಾಲ ಬಿಚ್ಚಿಬಿಡ್ತಾರ. ಇಡುವ ತಾಪತ್ರಯನೇ ಇಲ್ಲ, ಆದ್ರ ವರ್ಷಾ ವರ್ಷಾ ಹೊಸ ಮರ ಬೇಕು.

ಎರಡನೇ ಉತ್ತರ ಹಂಪಿಯದು. ವಿಜಯ ವಿಠ್ಠಲ ಗುಡಿಯ ಕಲ್ಲಿನ ರಥ ನಿಮ್ಮ ಕಿಸೆಯಲ್ಲಿನ 50 ರೂಪಾಯಿ ನೋಟಿನ ಹಿಂದ ಅದ. ಅದು ನಿಜವಾಗಿ ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಓಡೋದೇ ಬ್ಯಾಡ ಅಂತ ಕಲ್ಲಿನಲ್ಲಿ ನಿಲ್ಲಿಸಿಬಿಟ್ಟರು. ಹಂಗಂತ ಅದು ಪೂರಾ ಉಳೀತೇನು? ಇಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಾಗ ಅದರ ನೆತ್ತಿ ಮ್ಯಾಲ ಇಟ್ಟಿಗೆಯ ಗೋಪುರ ಕಾಣ್ತದ. ಇವತ್ತು ಅದು ಇಲ್ಲ. ಬಯಲಾಗ ನಿಂತದ್ದು ಕಲ್ಲಾದರೂ ಸವೀತದ.

ಮೂರನೇ ಉತ್ತರ ನಮ್ಮದು: ತೇರಿನ ಮನಿ. ಗುಡಿಯ ಪಕ್ಕದಾಗ ತಗಡು ಹಾಕಿದ, ಎತ್ತರ ಬಾಗಿಲಿನ, ಮಂದಿ ಕಣ್ಣಿಗೆ ಬೀಳದ ಒಂದು ಕಟ್ಟಡ. ಜಾತ್ರಿ ಮುಗಿದ ಮ್ಯಾಲ ಕಳಸ ಇಳಿಸ್ತಾರ. ಬಟ್ಟೆ, ಪತಾಕೆ, ಬಿದಿರು ಬಿಚ್ಚತಾರ. ಮ್ಯಾಲಿನ ಭಾಗ ಕಡಿಮೆ ಆದ್ರ ಬಾಗಿಲಿಗೆ ಹಿಡಿಸ್ತದ. ಉಳಿದ ಅಡ್ಡೆ ಮತ್ತು ಗಾಲಿ ಹಿಂದಕ್ಕ ಒಳಗ ಹೋಗ್ತಾವ. ಕ್ಯಾಂಪರ್ ಇಟ್ಟವರು ಜ್ಯಾಕ್ ಇಳಿಸಿ ಎತ್ತರ ಕಮ್ಮಿ ಮಾಡಿದ್ದೂ ಇದೇ ಬಾಗಿಲಿನ ಲೆಕ್ಕಕ್ಕ.

ಭಾಗ 3/8: ನಿಂತಲ್ಲೇ ಸವಕಳಿ

ನಾನು ಬಿಕಾಂ ಓದೋನು, ಅದಕ್ಕ ಇಲ್ಲಿ ಸ್ವಲ್ಪ ಅಕೌಂಟ್ಸ್ ಬರ್ತದ. ಡಿಪ್ರಿಸಿಯೇಷನ್ ಅಂದ್ರ ಸವಕಳಿ. ಬಳಸಿದ್ದಕ್ಕ ಮಾತ್ರ ಸವಕಳಿ ಆಗ್ತದ ಅಂತ ಬಹಳ ಮಂದಿ ತಿಳ್ಕೊಂಡಾರ. ಆದ್ರ ಕಾಲ ಕಳೆದದ್ದಕ್ಕೂ ಸವಕಳಿ ಅದ. ಕಂಪನಿ ಕಾಯ್ದೆ 2013ರ ಎರಡನೇ ಶೆಡ್ಯೂಲ್ ನೋಡ್ರಿ: ಬಾಡಿಗೆಗೆ ಓಡುವ ಲಾರಿ, ಬಸ್, ಕಾರಿಗೆ ಆಯುಷ್ಯ 6 ವರ್ಷ, ಬಾಡಿಗೆಗೆ ಓಡದಿದ್ದರ 8 ವರ್ಷ. ಅಂದ್ರ ಕಮ್ಮಿ ಓಡಿಸಿದ್ದಕ್ಕ ಸಿಗುವ ಲಾಭ ಬರೇ ಎರಡು ವರ್ಷ. ಉಳಿದದ್ದನ್ನ ಕಾಲ ತಿನ್ನತದ.

ನಿಂತ ಗಾಲಿಗೆ ಏನಾಗ್ತದ? ಓಡುವಾಗ ಭಾರ ಗಾಲಿಯ ಸುತ್ತಲೂ ಹಂಚಿಕೋತದ. ನಿಂತಾಗ ಕೆಳಗಿನ ಒಂದೇ ಜಾಗ ಎಲ್ಲಾ ಭಾರ ಹೊರ್ತದ. ರಬ್ಬರ್ ಟಾಯರ್ ಆದ್ರ ಅಲ್ಲಿ ಚಪ್ಪಟೆ ಆಗ್ತದ. ಮರದ ಗಾಲಿ ಆದ್ರ ನೆಲದ ಹಸಿ ಅದೇ ಜಾಗದಿಂದ ಏರ್ತದ, ಗೆದ್ದಲೂ ಅಲ್ಲಿಂದಲೇ ಹತ್ತತದ. ಅದಕ್ಕ ತಿಳಿದವರು ಎರಡು ಕೆಲಸ ಮಾಡ್ತಾರ: ಗಾಲಿ ಕೆಳಗ ಕಲ್ಲು ಹಾಸ್ತಾರ, ಅಚ್ಚಿನ ಕೆಳಗ ಮರದ ತುಂಡು ಅಥವಾ ಕಲ್ಲು ಕೊಟ್ಟು ಭಾರವನ್ನ ಗಾಲಿಯಿಂದ ಬಿಡಸ್ತಾರ. ಗಾಲಿಗೂ ವಿಶ್ರಾಂತಿ ಬೇಕು ನೋಡ್ರಿ.

ಇಟ್ಟ ಜಾಗದ ಕಾವಲು ತಪ್ಪಿದ್ರ ಏನಾಗ್ತದ ಅನ್ನೋದಕ್ಕ ಚಾಮರಾಜನಗರ ಸಾಕ್ಷಿ. ಅಲ್ಲಿನ ಚಾಮರಾಜೇಶ್ವರನ ತೇರಿಗೆ 2017ರಲ್ಲಿ ಕಿಡಿಗೇಡಿ ಬೆಂಕಿ ಹಚ್ಚಿದ. ಹೊಸ ತೇರು ತಯಾರಾಗಿ ಆಷಾಢದ ರಥೋತ್ಸವ ಮತ್ತ ನಡೆದದ್ದು 2022ರಲ್ಲಿ. ನಿಂತ ತೇರಿಗೆ ಬಿದ್ದ ಬೆಂಕಿ ವರ್ಷಗಟ್ಟಲೆ ಜಾತ್ರಿಯನ್ನೇ ನಿಲ್ಲಿಸಿತು. ಎಳೆಯುವ ದಿನ ಸಾವಿರಾರು ಕೈ ಇರ್ತಾವ. ನಿಂತ ದಿನ ಯಾರಿರ್ತಾರ?

ಭಾಗ 4/8: ವಾಡಿ, ಮತ್ತು "ಬೋಗಿ" ಅನ್ನೋ ಶಬ್ದ

ತೇರಿನಲ್ಲಿ ಗಾಲಿ ಮತ್ತು ಮನಿ ಒಂದಕ್ಕೊಂದು ಕೂಡಿರ್ತಾವ. ಅವೆರಡನ್ನ ಬೇರೆ ಮಾಡೋ ವಿದ್ಯೆ ನಮ್ಮ ಕಡೆ ದೊಡ್ಡದಾಗಿ ಬಂದದ್ದು ರೈಲಿನ ಜೊತೆ.

ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಗೆ ಕೂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಶುರುವಾಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ಎಲ್ಲಾ ಆ ಹಳಿ ಮ್ಯಾಲಿನ ಊರು. ರಾಷ್ಟ್ರಕೂಟರ ರಾಜಧಾನಿಯ ಪಕ್ಕದಾಗ ಗಾಲಿ ಮ್ಯಾಲಿನ ಮನಿಗಳು ದಿನಾ ಓಡಾಡಾಕ ಹತ್ತಿದ್ವು.

ಮೊದಲಿನ ಡಬ್ಬಿಗಳು ಗಿಡ್ಡ, ಅವುಗಳ ಗಾಲಿ ಡಬ್ಬಿಯ ಅಡಿಪಾಯಕ್ಕೇ ಕೂಡಿದ್ದವು. ಡಬ್ಬಿ ಉದ್ದಾದಂಗ ತಿರುವಿನಲ್ಲಿ ತಿರುಗಾಕ ಬೇರೆ ವ್ಯವಸ್ಥೆ ಬೇಕಾಯ್ತು. ಅದೇ ಬೋಗಿ: ನಾಲ್ಕು ಗಾಲಿ, ಎರಡು ಅಚ್ಚು, ಸ್ಪ್ರಿಂಗು ಇರುವ ಒಂದು ಗಿಡ್ಡ ಚೌಕಟ್ಟು. ಡಬ್ಬಿಯ ಎರಡು ತುದಿಗೆ ಎರಡು ಬೋಗಿ. ಡಬ್ಬಿ ಅದರ ಮ್ಯಾಲ ಕೂತಿರ್ತದ, ನಡುವಿನ ಒಂದು ಗೂಟದ ಸುತ್ತ ಬೋಗಿ ತಿರುಗ್ತದ.

ಈಗ ಮಜಾ ನೋಡ್ರಿ. ನಾವು "ಎಸ್-4 ಬೋಗಿ ಎಲ್ಲಿ ಬರ್ತದ?" ಅಂತ ಕೇಳ್ತೀವಿ. ನಾವು ಕೂಡೋದು ಡಬ್ಬಿಯೊಳಗ, ಬೋಗಿ ಇರೋದು ನಮ್ಮ ಕಾಲ ಕೆಳಗ. ಕೆಳಗಿನ ಗಾಲಿ ಹಲಗಿಯ ಹೆಸರು ಮ್ಯಾಲಿನ ಮನಿಯ ಹೆಸರನ್ನ ನುಂಗಿಬಿಟ್ಟದ. ಯಾರಿಗೂ ಕಾಣದ ವಸ್ತು ಹೆಸರಿನಲ್ಲಿ ಗೆದ್ದದ್ದು ಇದೊಂದೇ ಕಡೆ ಇರಬೇಕು.

ಡಬ್ಬಿ ದೊಡ್ಡ ರಿಪೇರಿಗೆ ವರ್ಕ್‌ಶಾಪಿಗೆ ಹೋದಾಗ ಡಬ್ಬಿಯನ್ನ ಎತ್ತಿ ಗಟ್ಟಿ ಆಸರೆ ಮ್ಯಾಲ ಕೂಡಿಸ್ತಾರ. ಬೋಗಿ ಹೊರಗ ಉರುಳಿಕೊಂಡು ಹೋಗ್ತದ. ಗಾಲಿಯ ರಿಪೇರಿ ಒಂದು ಕಡೆ, ಮನಿಯ ರಿಪೇರಿ ಇನ್ನೊಂದು ಕಡೆ. ಸಿಕಂದರಾಬಾದಿನ ಲಾಲಾಗುಡಾ ವರ್ಕ್‌ಶಾಪು ನಿಜಾಮರ ಕಾಲದ್ದು, 1893ರದ್ದು. ನಮ್ಮ ಹಳಿಯ ಇನ್ನೊಂದು ತುದಿಯಲ್ಲಿ ಈ ಕೆಲಸ ಅಷ್ಟು ಹಳೇದು.

ದೂರದ ಒಂದು ಉದಾಹರಣೆ ಕೊಟ್ಟು ಈ ಭಾಗ ಮುಗಿಸ್ತೀನಿ. ಚೀನಾ ಮತ್ತು ಮಂಗೋಲಿಯಾ ಗಡಿಯ ಎರೆನ್‌ಹೋಟ್‌ನಲ್ಲಿ ಹಳಿಯ ಅಗಲ ಬದಲಾಗ್ತದ: ಆ ಕಡೆ 1,435 ಮಿಲಿಮೀಟರ್, ಈ ಕಡೆ 1,520. ಪ್ರಯಾಣಿಕರ ರೈಲಿನ ಡಬ್ಬಿಗಳನ್ನ ಅಲ್ಲಿ ಮ್ಯಾಲ ಎತ್ತಿ, ಹಳೇ ಬೋಗಿ ತೆಗೆದು, ಬೇರೆ ಬೋಗಿ ತಳ್ಳಿ ಇಳಿಸ್ತಾರ. ಟ್ರಕ್ ಕ್ಯಾಂಪರಿನವರು ಮಾಡೋದು ಇದನ್ನೇ, ಸಣ್ಣ ಅಳತೆಯಲ್ಲಿ.

ಭಾಗ 5/8: ಮೈಸೂರಿನ ಸಲೂನು

ಗಾಲಿ ಮ್ಯಾಲ ಅಡುಗೆಮನಿ ಇರುವ ಮನಿ ಹಳೇ ಕಾಲದಾಗ ಹ್ಯಾಂಗಿತ್ತು ಅಂತ ನೋಡಬೇಕಂದ್ರ ಮೈಸೂರಿಗೆ ಹೋಗ್ರಿ. ರೈಲ್ವೆ ಸ್ಟೇಷನ್ ಹತ್ತಿರದ ರೈಲ್ವೆ ಮ್ಯೂಸಿಯಂ 1979ರಲ್ಲಿ ಶುರುವಾಯಿತು. ಅಲ್ಲಿನ ಶ್ರೀರಂಗ ಪೆವಿಲಿಯನ್‌ನಲ್ಲಿ ರಾಜಮನೆತನದ ಡಬ್ಬಿಗಳು ಅದಾವ. ಮಹಾರಾಣಿಯ ಸಲೂನು 1899ರದ್ದು. ಅಡುಗೆ ಮತ್ತು ಊಟದ ಡಬ್ಬಿ, ಸ್ನಾನದ ವ್ಯವಸ್ಥೆ, ಎಲ್ಲಾ ಕೂಡಿದ ಓಡುವ ಅರಮನಿ ಅದು.

ಮಳಿ, ಬಿಸಿಲು ಬೀಳದ ಜಾಗದಾಗ ಇಟ್ಟಿದ್ದಕ್ಕ 1899ರ ಮರದ ಕೆಲಸ ಇವತ್ತಿಗೂ ನಾವು ನೋಡಾಕ ಸಿಗ್ತದ. ಅದೇ ಕಾಲದಾಗ ನಮ್ಮ ವಾಡಿ ಹಳಿ ಮ್ಯಾಲ ಓಡಿದ ಮೂರನೇ ದರ್ಜೆಯ ಡಬ್ಬಿಗಳನ್ನ ನೋಡಾಕ ಎಲ್ಲಿಗೆ ಹೋಗ್ತೀರಿ? ಯಾರ ಮನಿಗೆ ಸೂರು ಸಿಕ್ಕಿತೋ ಅವರ ಚರಿತ್ರೆ ಉಳೀತು. ನಮ್ಮ ಮುತ್ಯಾನ ಮುತ್ಯಾ ಕೂತಿದ್ದ ಹಲಗಿಗೆ ಮ್ಯೂಸಿಯಂ ಕಟ್ಟಿದವರು ಕಮ್ಮಿ.

ಭಾಗ 6/8: ಶಹಾಬಾದಿನ ನೆಲ

ಗಾಲಿ ಹಲಗಿಗೆ ಗಾಲಿ ಎಷ್ಟು ಮುಖ್ಯನೋ ನೆಲ ಅಷ್ಟೇ ಮುಖ್ಯ. ನೆಲದ ಮಾತು ಬಂದ್ರ ಶಹಾಬಾದಿಗೆ ಹೋಗಲೇಬೇಕು. ಪರಸಿ ಕಲ್ಲು ಅಂತ ನಾವು ಕರಿಯೋ ಶಹಾಬಾದಿ ಕಲ್ಲು ಸುಣ್ಣದ ಕಲ್ಲು. ಪದರ ಪದರವಾಗಿ ಏಳ್ತದ, ಅದಕ್ಕೇ ಹಾಸುಗಲ್ಲಾಗಿ ನಮ್ಮ ಮನಿ, ಗುಡಿ, ಸ್ಟೇಷನ್ನಿನ ತುಂಬ ಅದ. ಅದೇ ಸುಣ್ಣದ ಕಲ್ಲಿನಿಂದ ಸಿಮೆಂಟ್ ಬಂತು. 1936ರಲ್ಲಿ ಹತ್ತು ಕಂಪನಿ ಕೂಡಿ ಎಸಿಸಿ ಆದಾಗ ಅದರಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಇತ್ತು. ವಾಡಿಯ ಕಾರ್ಖಾನೆ 1968ರದ್ದು.

ಇಂಥ ಕಾರ್ಖಾನೆ, ರೈಲ್ವೆ ಕೆಲಸದಾಗ ಭಾರ ಸರಿಸುವವರಿಗೆ ಖಲಾಸಿ ಅಂತಾರ. ಜ್ಯಾಕು, ಸರಪಳಿ, ಹಾರಿ, ದುಂಡನೆಯ ಕಬ್ಬಿಣದ ಪೈಪು ಇವರ ಆಯುಧ. ಪೈಪಿನ ಮ್ಯಾಲ ಭಾರ ಉರುಳಿಸ್ತಾರ, ಹಿಂದ ಖಾಲಿಯಾದ ಪೈಪು ತಂದು ಮುಂದ ಇಡ್ತಾರ. ಗಾಲಿ ಹಲಗಿ ಅಂದ್ರ ಆ ಪೈಪುಗಳನ್ನ ಜಾಗಾ ಬಿಟ್ಟು ಹೋಗದಂಗ ಕಟ್ಟಿ ಹಾಕಿದ್ದು, ಅಷ್ಟೇ.

ಇಲ್ಲಿ ಒಂದು ಲೆಕ್ಕ ಮಾಡೋಣ. ಭಾರ 1,000 ಕೆಜಿ, ಗಾಲಿ 4. ಒಂದಕ್ಕ 250 ಕೆಜಿ ಅಂತ ಹೇಳ್ತೀರಿ. ಕಾಗದದ ಮ್ಯಾಲ ಅದು ಸರಿ. ಆದ್ರ ನಮ್ಮ ಪರಸಿ ನೆಲ ಎಲ್ಲಾ ಕಡೆ ಒಂದೇ ಮಟ್ಟ ಇರೋದಿಲ್ಲ. ಒಂದು ಗಾಲಿ ತಗ್ಗಿಗೆ ಬಂದ್ರ ಅದು ಭಾರ ಹೊರೋದು ಬಿಡ್ತದ, ಆಗ ಎದುರುಬದುರಿನ ಎರಡೇ ಗಾಲಿ ಹೆಚ್ಚುಕಡಿಮೆ ಎಲ್ಲಾ ಭಾರ ಹೊರಬೇಕಾಗ್ತದ. ಅದಕ್ಕ ಒಂದೊಂದು ಗಾಲಿಗೂ 500 ಕೆಜಿ ತಡೆಯುವ ಶಕ್ತಿ ಇರಬೇಕು. ಎರಡನೇ ಮಾತು: ಕಲ್ಲು ಕಲ್ಲಿನ ನಡುವಿನ ಸಂದಿಯಲ್ಲಿ ಸಣ್ಣ ಗಾಲಿ ಸಿಕ್ಕಿಬೀಳ್ತದ, ದೊಡ್ಡ ಗಾಲಿ ದಾಟಿ ಹೋಗ್ತದ. ಆದ್ರ ಗಾಲಿ ದೊಡ್ಡದಾದಷ್ಟೂ ಹಲಗಿ ಎತ್ತರ ಆಗ್ತದ, ಬಾಗಿಲಿಗೆ ತಲಿ ಬಡೀತದ. ಗಾಲಿ ಎಷ್ಟು ದೊಡ್ಡದಿರಬೇಕು ಅನ್ನೋದನ್ನ ಕೊನೆಗೆ ಬಾಗಿಲೇ ಹೇಳ್ತದ.

ತೇರಿನವರಿಗೂ ಇದೇ ಕಷ್ಟ ಇತ್ತು. ತಮಿಳುನಾಡಿನ ತಿರುವಾರೂರಿನ ದೊಡ್ಡ ತೇರಿಗೆ ತಿರುಚ್ಚಿಯ ಬಿಎಚ್‌ಇಎಲ್‌ನವರು ಉಕ್ಕಿನ ಗಾಲಿ ಮತ್ತು ಹೈಡ್ರಾಲಿಕ್ ಬ್ರೇಕ್ ಮಾಡಿಕೊಟ್ಟಾರ. ಬಾಯ್ಲರ್ ಮಾಡುವ ಕಾರ್ಖಾನೆ ದೇವರ ಮನಿಯ ಗಾಲಿ ಮಾಡಿತು.

ಭಾಗ 7/8: ಚಿಂಚೋಳಿ, ಗಾಲಿಯೇ ಇಲ್ಲದ ಮನಿ

ನಮ್ಮ ಐದು ಊರಾಗ ರೈಲು ಮುಟ್ಟದ ಊರು ಚಿಂಚೋಳಿ. 2011ರಲ್ಲಿ ವನ್ಯಜೀವಿ ಧಾಮ ಆದ ಕಾಡು ಅಲ್ಲದ, ಚಂದ್ರಂಪಳ್ಳಿ ಡ್ಯಾಮ್ ಅಲ್ಲದ. ಕ್ಯಾಂಪರ್ ಗಾಡಿ ನಮ್ಮ ಕಡೆ ಬಂದ್ರ ಮೊದಲು ಹೋಗೋದು ಅಲ್ಲಿಗೇ.

ಆದ್ರ ಚಿಂಚೋಳಿಗೆ ಮನಿ ಹೊತ್ಕೊಂಡು ತಿರುಗುವುದು ಹೊಸದಲ್ಲ. ಅಲ್ಲಿನ ತಾಂಡಾಗಳ ಲಂಬಾಣಿ ಮಂದಿಯ ಹಿರಿಯರು ಎತ್ತಿನ ಬೆನ್ನ ಮ್ಯಾಲ ಉಪ್ಪು, ಕಾಳು ಹೇರಿಕೊಂಡು ದೇಶ ಸುತ್ತಿದವರು. ಅವರ ಸಂಸಾರವೂ ಜೊತೆಗೇ ನಡೀತಿತ್ತು. ಗಾಲಿ ಬೇಕಾಗಿರಲಿಲ್ಲ. ಗಾಲಿ ಇಲ್ಲದ್ದಕ್ಕೇ ರಸ್ತೆ ಇಲ್ಲದ ಕಡೆಗೂ ಹೋಗ್ತಿದ್ದರು. ರೈಲು, ರಸ್ತೆ ಬಂದ ಮ್ಯಾಲ ಆ ವ್ಯಾಪಾರ ಕುಸೀತು. ವಾಡಿಯಿಂದ ಒಂದು ವ್ಯಾಗನ್ ಹೊತ್ಕೊಂಡು ಹೋಗುವ ಕಾಳಿಗೆ ಎಷ್ಟು ಎತ್ತು ಬೇಕಾಗ್ತಿದ್ದವು ಅಂತ ನೀವೇ ಅಂದಾಜು ಮಾಡ್ರಿ. ಒಬ್ಬರ ಗಾಲಿ ಓಡಾಕ ಹತ್ತಿದಾಗ ಇನ್ನೊಬ್ಬರ ನಡಿಗೆ ನಿಂತಿತು.

ಆ ಎತ್ತಿನ ಹೇರಿನ ಚೀಲ, ಹಗ್ಗ, ಗಂಟೆ, ಇವನ್ನ ತೇರಿನಂಗ ಒಳಗ ಇಟ್ಟು ಬೀಗ ಹಾಕಿದವರು ಇಲ್ಲ. ಹೊಲಿಗೆ, ಕನ್ನಡಿ ಹಚ್ಚಿದ ಬಟ್ಟೆ ಉಳೀತು, ಯಾಕಂದ್ರ ಅದು ಪೆಟ್ಟಿಗೆಯೊಳಗ ಹಿಡಿಸ್ತದ. ಹಿಡಿಸದೆ ಇದ್ದದ್ದು ಹೋಯ್ತು. ನಮ್ಮ ತಾಂಡಾದ ದೋಸ್ತರು ಇದನ್ನ ಓದ್ತಿದ್ರ ನಿಮ್ಮ ಮನಿಯ ಹಿರಿಯರನ್ನ ಒಮ್ಮೆ ಕೇಳ್ರಿ, ಏನೇನು ಇತ್ತು ಅಂತ. ಕಾಮೆಂಟ್‌ನ್ಯಾಗ ಬರೀರಿ.

ಭಾಗ 8/8: ನಮ್ಮ ಮುತ್ಯಾನ ಬಂಡಿ

ಈಗ ನಮ್ಮ ಮನಿಯ ವಿಷಯ. ಮುತ್ಯಾನ ಮರದ ಬಂಡಿ ಅಂಗಳದಾಗ ಬೇವಿನ ಗಿಡದ ಕೆಳಗ ನಿಂತದ. ಎತ್ತು ಮಾರಿದ ಮ್ಯಾಲ ಅದು ಹೊಲಕ್ಕ ಹೋಗಿಲ್ಲ. ಈಗ ಅಂಗಳದಾಗ ಬೈಕ್ ನಿಲ್ಲಿಸಾಕ ಜಾಗಾ ಬೇಕು ಅಂತ ಮಾತು ನಡೆದದ. ಗುಜರಿಯವ ಬಂದು ನೋಡಿ, ಗಾಲಿಯ ಕಬ್ಬಿಣದ ಪಟ್ಟಿಗೆ ಮಾತ್ರ ರೇಟು ಹೇಳಿದ. ಮರಕ್ಕ ಏನೂ ಇಲ್ಲ ಅಂದ. ನಮ್ಮ ಪುಸ್ತಕದಾಗ ಇದಕ್ಕ ಸ್ಕ್ರ್ಯಾಪ್ ವ್ಯಾಲ್ಯೂ ಅಂತಾರ. ಮುತ್ಯಾ ಆ ಮಾತು ಕೇಳಿ ಏನೂ ಅನ್ನಲಿಲ್ಲ. ಎದ್ದು ಹೋಗಿ ಗಾಲಿಗೆ ಕಲ್ಲು ಸರಿಯಾಗಿ ಅದ ಇಲ್ಲ ಅಂತ ನೋಡಿ ಬಂದ.

ಕೊಟ್ಟಿಗಿ ಖಾಲಿ ಅದ, ಆದ್ರ ಅದರ ಬಾಗಿಲು ಸಣ್ಣದು. ಬಂಡಿಯ ಎರಡು ಗಾಲಿಯ ಹೊರಗಿನ ಅಗಲ ಆ ಬಾಗಿಲಿಗೆ ಹಿಡಿಸೋದಿಲ್ಲ. ಇಷ್ಟು ದಿನ ಎಲ್ಲರೂ ಇಲ್ಲಿಗೇ ಮಾತು ನಿಲ್ಲಿಸ್ತಿದ್ದರು. ಈಗ ನೀವು ಏಳು ಭಾಗ ಓದೀರಿ, ನೀವೇ ಹೇಳ್ರಿ. ಗಾಲಿ ಬೇರೆ, ಮನಿ ಬೇರೆ ಮಾಡಿದ್ರ?

ನಮ್ಮ ಯೋಜನೆ ಹಿಂಗದ. ಪೋಸ್ಟ್ ಸೇವ್ ಮಾಡಿದ್ರ ನಿಮಗೂ ಉಪಯೋಗ ಬರ್ತದ.

ಮೊದಲು ಅಳತಿ. ಬಾಗಿಲಿನ ಅಗಲ, ಎತ್ತರ, ಹೊಸ್ತಿಲಿನ ಎತ್ತರ ಬರ್ಕೊಳ್ಳೋದು. ಆಮೇಲೆ ತೂಕ. ನಮ್ಮ ಕಡೆ ಸಿಮೆಂಟ್ ಲಾರಿ, ತೊಗರಿ ಗಾಡಿ ತೂಗುವ ಕಾಂಟಾ ಬಹಳ ಅದಾವ. ಬಂಡಿಯನ್ನ ಟ್ರ್ಯಾಕ್ಟರ್ ಟ್ರಾಲಿಯಾಗ ಹೇರಿ ಒಮ್ಮೆ, ಖಾಲಿ ಟ್ರಾಲಿ ಒಮ್ಮೆ ತೂಗಿದ್ರ ಬಂಡಿಯ ತೂಕ ಸಿಗ್ತದ.

ಎರಡನೇದು ಚೌಕಟ್ಟು. ಕಬ್ಬಿಣದ ಆಂಗಲ್ ತಂದು ವೆಲ್ಡಿಂಗ್ ಅಂಗಡಿಯಾಗ ಮಾಡಿಸೋದು, ಬಾಗಿಲಿಗಿಂತ ನಾಲ್ಕು ಬೆರಳು ಕಮ್ಮಿ ಅಗಲ. ಅದರ ಮ್ಯಾಲ ಮರದ ಹಲಗಿ, ಯಾಕಂದ್ರ ಮರದ ಬಂಡಿ ಕಬ್ಬಿಣದ ಅಂಚಿನ ಮ್ಯಾಲ ಕೂತ್ರ ಒತ್ತು ಬೀಳ್ತದ. ನಾಲ್ಕು ಗಾಲಿಯಲ್ಲಿ ಎರಡು ತಿರುಗುವವು, ಎರಡು ನೇರ ಹೋಗುವವು. ತಿರುಗುವ ಎರಡಕ್ಕೂ ಬ್ರೇಕ್. ನಾಲ್ಕೂ ತಿರುಗಿದ್ರ ತಳ್ಳುವಾಗ ಹಲಗಿ ಎಲ್ಲೆಲ್ಲೋ ಹೋಗ್ತದ.

ಮೂರನೇದು ಎತ್ತೋದು. ಮೂಕಿಯ ಕಡೆ ಆಸರೆ ಕೊಟ್ಟು, ಅಚ್ಚಿನ ಒಂದು ಬದಿಗೆ ಟ್ರ್ಯಾಕ್ಟರ್ ಜ್ಯಾಕ್ ಇಟ್ಟು ಸ್ವಲ್ಪ ಎತ್ತಬೇಕು. ಎತ್ತಿದಷ್ಟಕ್ಕೂ ಕೆಳಗ ಮರದ ತುಂಡು ಪೇರಿಸ್ತಾ ಹೋಗಬೇಕು. ಬರೇ ಜ್ಯಾಕಿನ ಭರವಸೆ ಮ್ಯಾಲ ಯಾರೂ ಕೆಳಗ ಕೈ, ಕಾಲು ಹಾಕಬಾರದು. ಕಡಗೀಲು ತೆಗೆದು ಗಾಲಿ ಬಿಡಸ್ಬೇಕು. ಇನ್ನೊಂದು ಬದಿಗೂ ಹಾಂಗೇ. ಹಲಗಿ ತಳ್ಳಿ ಬಂಡಿ ಇಳಿಸ್ಬೇಕು. ಹೊಸ್ತಿಲಿಗೆ ಎರಡು ಗಟ್ಟಿ ಹಲಗಿ ಇಳಿಜಾರಾಗಿ ಇಟ್ಟು, ಇಬ್ಬರು ಮುಂದ ಎಳೆದು, ಇಬ್ಬರು ಹಿಂದ ತಳ್ಳಿ, ಒಬ್ಬ ತಡೆ ಹಿಡಿದು ನಿಲ್ಲಬೇಕು. ತೇರಿಗೆ ತಡೆ ಕೊಡುವವನ ಕೆಲಸ ಇದೇ.

ಕೊನೇದು ಇಟ್ಟ ಮ್ಯಾಲಿನ ಕೆಲಸ. ಚೌಕಟ್ಟಿನ ಕೆಳಗ ನಾಲ್ಕು ಕಲ್ಲು ಕೊಟ್ಟು ಸಣ್ಣ ಗಾಲಿಗಳ ಭಾರ ಬಿಡಸ್ಬೇಕು. ದೊಡ್ಡ ಗಾಲಿಗಳನ್ನ ನೆಲಕ್ಕ ತಾಗದಂಗ ಗೋಡೆಗೆ ನಿಲ್ಲಿಸಬೇಕು. ಮಳಿಗಾಲದ ಮೊದಲು, ಮಳಿಗಾಲದ ನಂತರ ಒಮ್ಮೊಮ್ಮೆ ಗೆದ್ದಲು ನೋಡಬೇಕು.

ಮುತ್ಯಾನಿಗೆ ಈ ಯೋಜನೆ ಹೇಳಿದೆ. "ಕಡಗೀಲು ಎಲ್ಲರೆ ಒಗದೀಯೋ, ಎರಡೂ ಕೂಡಿಸಿ ಬಂಡಿಗೇ ಕಟ್ಟು" ಅಂದ. ಅದೂ ಸರಿ. ಬಿಚ್ಚಿದ ವಸ್ತು ಮತ್ತ ಕೂಡಬೇಕಂದ್ರ ಸಣ್ಣ ಕೀಲು ಸಿಗಬೇಕು.

ಕಾಕಾ ದೀಪಾವಳಿ ತನಕ ಟೈಮ್ ಕೊಟ್ಟಾನ. ಆಂಗಲ್ ಮತ್ತು ಗಾಲಿಗೆ ರೊಕ್ಕ ಕೂಡಿಸ್ಲಿಕ್ಕ ಹತ್ತೀನಿ. ವಾಡಿ, ಶಹಾಬಾದ್ ಕಡೆ ಹಳೇ ಗಟ್ಟಿ ಗಾಲಿ ಎಲ್ಲಿ ಸಿಗ್ತಾವ ಅಂತ ಗೊತ್ತಿದ್ದವರು ಮೆಸೇಜ್ ಮಾಡ್ರಿ. ಎತ್ತುವ ದಿನ ಐದು ಮಂದಿ ಬೇಕು, ಊಟ ನಮ್ಮ ಮನಿಯಾಗ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ.

ನಿಮ್ಮ ಅಂಗಳದಾಗೂ ಒಂದು ಬಂಡಿ ನಿಂತಿದ್ರ ಗುಜರಿಯವ ಬರೋ ಮೊದಲು ಬಾಗಿಲು ಅಳೀರಿ.

#ಸೇಡಂ #ಚಿತ್ತಾಪುರ #ವಾಡಿ #ಶಹಾಬಾದ್ #ಚಿಂಚೋಳಿ #ನಿಂತದ್ದರಚರಿತ್ರೆ